ಕ್ಲಬ್ಬಿನ ಲೆಕ್ಕಪುಸ್ತಕವೂ ಆಟದ ಭಾಗವೇ

2025ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಅದೇ ಏಪ್ರಿಲ್‌ನಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ಆಡಿದ್ದ ತಂಡವಿದು. ಜೆಎಸ್‌ಡಬ್ಲ್ಯೂ ಎಂಬ ಭಾರಿ ಉಕ್ಕಿನ ಉದ್ಯಮಸಮೂಹದ ಒಡೆತನದ್ದು. ನಮ್ಮಲ್ಲಿ ಹಲವರು ಇದನ್ನು ಕ್ರೀಡಾಪುಟದ ಸುದ್ದಿಯೆಂದು ಓದಿ ಮರೆತಿರಬಹುದು. ನನ್ನ ದೃಷ್ಟಿಯಲ್ಲಿ ಇದು ಉದ್ಯೋಗದ ಸುದ್ದಿ. ವಾರೆನ್ನಿನ ಜಿಎಂ ತಾಂತ್ರಿಕ ಕೇಂದ್ರದಲ್ಲಿ, ಸುತ್ತಲಿನ ವಾಹನ ಕಂಪನಿಗಳಲ್ಲಿ ದುಡಿಯುವ ಕುಟುಂಬಗಳಿಗೆ ‘ಲೇಆಫ್’ ಎಂಬುದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಬಳ ನಿಂತದ್ದು ಆಟಗಾರರು ಸೋತದ್ದಕ್ಕಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ವಾಣಿಜ್ಯ ಪಾಲುದಾರರೊಡನೆ ಮಾಡಿಕೊಂಡಿದ್ದ ಹದಿನೈದು ವರ್ಷಗಳ ಒಪ್ಪಂದ ಆ ಡಿಸೆಂಬರಿಗೆ ಮುಗಿಯುವುದಿತ್ತು. ನವೀಕರಣ ಇತ್ಯರ್ಥವಾಗದ ಕಾರಣ ಜುಲೈನಲ್ಲಿಯೇ ಲೀಗನ್ನು ತಡೆಹಿಡಿಯಲಾಯಿತು. ಪಂದ್ಯವಿಲ್ಲದೆ ಟಿಕೆಟ್ಟಿಲ್ಲ, ಪ್ರಸಾರದ ಹಣವಿಲ್ಲ, ಪ್ರಾಯೋಜಕರೂ ಇಲ್ಲ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದ, 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ತಲುಪಿದ, 2019ರಲ್ಲಿ ಸೂಪರ್ ಲೀಗ್ ಗೆದ್ದ ತಂಡಕ್ಕೆ ಕಪ್ಪುಗಳ ಕೊರತೆಯಿರಲಿಲ್ಲ. ಕಪಾಟಿನ ಕಪ್ಪು ತಿಂಗಳ ಸಂಬಳವನ್ನು ಹುಟ್ಟಿಸುವುದಿಲ್ಲ.

ತರಬೇತುದಾರರ ಪಾಡನ್ನು ಇದರೊಡನೆಯೇ ನೋಡಬೇಕು. 2019ರ ಕಪ್ಪು ತಂದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ ಎರಡು ವರ್ಷ ತುಂಬುವ ಮೊದಲೇ, 2021ರ ಜನವರಿಯಲ್ಲಿ, ಹೊರನಡೆದರು. 2022ರಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿ, ಮರುವರ್ಷ ತಂಡವನ್ನು ಸೂಪರ್ ಲೀಗಿನ ಅಂತಿಮ ಪಂದ್ಯಕ್ಕೊಯ್ದ ಸೈಮನ್ ಗ್ರೇಸನ್ ಅವರನ್ನು 2023ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು. ಆ ದಿನಗಳಲ್ಲಿ ಫಲಿತಾಂಶ ಕೆಟ್ಟಿತ್ತು, ನಿಜ. ಆದರೆ ಇಪ್ಪತ್ತೈದು ಆಟಗಾರರ ಒಪ್ಪಂದ ಮುರಿಯುವುದಕ್ಕಿಂತ ಒಬ್ಬನನ್ನು ಮನೆಗೆ ಕಳಿಸುವುದು ಅಗ್ಗವೆಂಬ ಲೆಕ್ಕಾಚಾರ ಜಗತ್ತಿನ ಎಲ್ಲ ಕ್ಲಬ್ಬುಗಳಲ್ಲಿಯೂ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹಳೆಯ ಬೆಂಗಳೂರಿನಲ್ಲಿ ಬೇರೊಂದು ವ್ಯವಸ್ಥೆಯಿತ್ತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡದಲ್ಲಿ ಆಡುವವನು ಆ ಕಾರ್ಖಾನೆಯ ನೌಕರನೂ ಆಗಿದ್ದ. ಕಾಲು ಮುರಿದರೂ ಕೆಲಸ ಉಳಿಯುತ್ತಿತ್ತು. ಆ ಕಾಲ ಮರಳಿ ಬರಲೆಂದು ನಾನು ಬಯಸುವುದಿಲ್ಲ; ಅಲ್ಲಿ ಆಟಕ್ಕೆ ಬೆಲೆ ಕಟ್ಟುವವರಿರಲಿಲ್ಲ. ಭದ್ರತೆಯಂತೂ ಇತ್ತು.

ಇನ್ನು ನಮ್ಮ ಪಕ್ಕದಲ್ಲಿಯೇ ಇರುವ ಉದಾಹರಣೆ. ವಾರೆನ್ನಿನಿಂದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಹ್ಯಾಮ್‌ಟ್ರಾಮಿಕ್‌ನಲ್ಲಿ ಡೆಟ್ರಾಯಿಟ್ ಸಿಟಿ ಎಫ್‌ಸಿ ಆಡುತ್ತದೆ. 2012ರಲ್ಲಿ ಐವರು ಸ್ನೇಹಿತರು ಶಾಲೆಯೊಂದರ ಮೈದಾನದಲ್ಲಿ ಆರಂಭಿಸಿದ ಹವ್ಯಾಸಿ ತಂಡವದು. 1936ರ ಕೀವರ್ತ್ ಕ್ರೀಡಾಂಗಣ ಪಾಳುಬೀಳುತ್ತಿದ್ದಾಗ ಅದರ ದುರಸ್ತಿಗೆ ಊರಿನವರಿಂದಲೇ, ಮರಳಿಸುವ ಕರಾರಿನ ಮೇಲೆ, ಏಳು ಲಕ್ಷಕ್ಕೂ ಹೆಚ್ಚು ಡಾಲರ್ ಸಂಗ್ರಹಿಸಿ 2016ರಲ್ಲಿ ಅಲ್ಲಿಗೆ ಬಂದರು. ವೃತ್ತಿಪರ ತಂಡವಾದದ್ದು ಅದರ ನಂತರ. 2020ರಲ್ಲಿ ಒಡೆತನದ ಒಂದು ಭಾಗವನ್ನು ಬೆಂಬಲಿಗರಿಗೇ ಮಾರಿದರು. ಅದಕ್ಕೂ ಮೊದಲು ಕೋಟ್ಯಧೀಶರಿಬ್ಬರು ಮೇಜರ್ ಲೀಗ್ ಸಾಕರ್ ತಂಡವನ್ನು ಡೆಟ್ರಾಯಿಟಿಗೆ ತರಲು ಯತ್ನಿಸಿದ್ದರು, ಅದು ಕೈಗೂಡಲಿಲ್ಲ. ಸಣ್ಣ ತಂಡ ಉಳಿಯಿತು. ಈಗ ಕಾರ್ಕ್‌ಟೌನಿನಲ್ಲಿ ಹೊಸ ಕ್ರೀಡಾಂಗಣ ಕಟ್ಟಲು ಹೊರಟಿದ್ದಾರೆ. ಹಾಸಿಗೆಯಿದ್ದಷ್ಟು ಕಾಲು ಚಾಚುತ್ತ ಬಂದವರ ನಿಜವಾದ ಪರೀಕ್ಷೆ ಅಲ್ಲಿದೆಯೆಂದು ನನ್ನ ಎಣಿಕೆ.

ನಮ್ಮ ಕೂಟದ ಮನೆಗಳಲ್ಲಿ ಟ್ರಾವೆಲ್ ಸಾಕರ್ ಆಡುವ ಮಕ್ಕಳು ಬಹಳ. ಶನಿವಾರ ಭಾನುವಾರಗಳನ್ನೂ ಸಾವಿರಾರು ಡಾಲರುಗಳನ್ನೂ ಅದಕ್ಕೆ ಸುರಿಯುತ್ತೇವೆ. ತರಬೇತುದಾರ ಮಗುವನ್ನು ಅರ್ಧ ಗಂಟೆ ಹೊರಗೆ ಕೂರಿಸಿದರೆ ಪಾರ್ಕಿಂಗ್ ಲಾಟಿನಲ್ಲಿಯೇ ಜಗಳ ತೆಗೆಯುತ್ತೇವೆ. ಕ್ಲಬ್ಬಿನ ಹಣ ಎಲ್ಲಿಂದ ಬರುತ್ತದೆಂದು ಕೇಳುವವರು ವಿರಳ.

ಸುನಿಲ್ ಛೆಟ್ರಿಯ ದಾರಿಯನ್ನು ಈ ಮಕ್ಕಳಿಗೆ ಹೇಳಬೇಕು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ಸೇರಿಸಿಕೊಳ್ಳಲು ಮುಂದಾದರೂ ಬ್ರಿಟನ್ ಕೆಲಸದ ಪರವಾನಗಿ ನಿರಾಕರಿಸಿತು. 2010ರಲ್ಲಿ ಈ ದೇಶದ ಕಾನ್ಸಾಸ್ ಸಿಟಿಗೆ ಬಂದರು. ಲೀಗಿನ ಒಂದು ಪಂದ್ಯದಲ್ಲಿಯೂ ಕಣಕ್ಕಿಳಿಯುವ ಅವಕಾಶ ದೊರೆಯಲಿಲ್ಲ. ಅವರು ಭಾರತಕ್ಕೆ ಮರಳಿದರು, 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ತಂಡ ಸೇರಿದರು. ದೊಡ್ಡ ಹೆಸರಿನ ಬೆಂಚಿಗಿಂತ ಆಡುವ ಅವಕಾಶವನ್ನು ಆರಿಸಿದ್ದರಿಂದಲೇ ನಾವಿಂದು ಅವರನ್ನು ಬಲ್ಲೆವು.

ಮೇಜರ್ ಲೀಗ್ ಸಾಕರಿನಲ್ಲಿ 2025ರ ಕನಿಷ್ಠ ವಾರ್ಷಿಕ ಸಂಬಳ ಸುಮಾರು 80 ಸಾವಿರ ಡಾಲರ್. ಅದರ ಕೆಳಗಿನ ಲೀಗುಗಳಲ್ಲಿ ಕನಿಷ್ಠ ಸಂಬಳ ಇನ್ನೂ ಬಹಳ ಕಡಿಮೆ. ಆದುದರಿಂದ ಮಗನೋ ಮಗಳೋ ಕಾಲೇಜು ಬಿಟ್ಟು ಕ್ಲಬ್ಬಿನೊಡನೆ ಸಹಿ ಹಾಕುವೆನೆಂದರೆ ಕೂಡಲೇ ಬೇಡವೆನ್ನಬೇಡಿ, ಹಿಗ್ಗಲೂ ಬೇಡಿ. ಒಪ್ಪಂದವನ್ನು ಜತೆಗೆ ಕುಳಿತು ಓದಿ. ಎಷ್ಟು ವರ್ಷ ಖಚಿತ? ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು? ಲೀಗು ನಿಂತರೆ ಸಂಬಳದ ಗತಿಯೇನು? ಓದು ಮುಂದುವರಿಸಲು ಹಣವಿಡುತ್ತಾರೆಯೇ? ಇವಕ್ಕೆ ಬರವಣಿಗೆಯಲ್ಲಿ ಉತ್ತರ ದೊರೆತರೆ ಮುಂದಿನ ಮಾತು ಆಡಬಹುದು.