ಹೆಲಿಕಾಪ್ಟರ್ ಏಕೆ ಬರಲಿಲ್ಲ?

2019ರ ಆಗಸ್ಟ್ ತಿಂಗಳು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆಗಳಲ್ಲಿ ಗುಡ್ಡಗಳು ಜಾರಿ ಮನೆ, ಗದ್ದೆ, ತೋಟಗಳನ್ನು ಹೊತ್ತೊಯ್ದಿದ್ದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತ್ತು. ಕಳಸದ ಬಳಿ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದಳು. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ರಸ್ತೆಯ ಬದಿಯ ಕಣಿವೆಯೊಂದರಲ್ಲಿ ನಮ್ಮ ಕಾಫಿ ತೋಟವಿದೆ. ತೋಟದಾಚೆಯ ಹಳ್ಳಕ್ಕೆ ಹಾಕಿದ್ದ ಕಾಲುಸಂಕ ಮೊದಲ ದಿನವೇ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿದ್ದ ನಾಲ್ಕಾರು ಮನೆಗಳ ಪೈಕಿ ಒಂದರಲ್ಲಿ ವೃದ್ಧೆಯೊಬ್ಬರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಫೋನಿಗೆ ಸಿಗ್ನಲ್ ಸಿಕ್ಕಾಗಲೆಲ್ಲ ಗೊತ್ತಿದ್ದವರಿಗೆಲ್ಲ ಕರೆ ಮಾಡಿ ನಾವು ಕೇಳಿದ್ದು ಒಂದೇ: ಒಂದು ಹೆಲಿಕಾಪ್ಟರ್ ಕಳಿಸಿ.

ಹೆಲಿಕಾಪ್ಟರ್ ಬರಲಿಲ್ಲ. ಎರಡನೆಯ ದಿನ ಊರಿನ ಹುಡುಗರು ಹಗ್ಗ ಕಟ್ಟಿ ಹಳ್ಳ ದಾಟಿದರು. ಕಂಬಳಿಯ ಜೋಲಿಯಲ್ಲಿ ಆ ಅಜ್ಜಿಯನ್ನು ಹೊತ್ತು ತಂದರು. ಅವರು ಬದುಕಿಕೊಂಡರು. ಆದರೆ ನನ್ನ ಸಿಟ್ಟು ಬಹಳ ದಿನ ಇಳಿಯಲಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ, 2018ರ ಕೇರಳದ ಪ್ರವಾಹದಲ್ಲಿ, ನೌಕಾಪಡೆಯ ಕಮಾಂಡರ್ ವಿಜಯ್ ವರ್ಮ ಆಲುವಾದ ಮನೆಯೊಂದರ ತಾರಸಿಯಿಂದ ತುಂಬು ಗರ್ಭಿಣಿಯನ್ನು ಮೇಲೆತ್ತಿಕೊಂಡದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತ್ತು. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಇಲ್ಲ? ಮತ ಕೇಳಲು ಬರುವವರಿಗೆ ಹೈಸ್ಕೂಲು ಮೈದಾನದಲ್ಲಿ ನೀರು ಚಿಮುಕಿಸಿ ಹೆಲಿಪ್ಯಾಡ್ ಮಾಡಿಕೊಡುವ ಆಡಳಿತಕ್ಕೆ ಬಡವರ ಜೀವ ಕಾಣುವುದಿಲ್ಲವೇ? ಹೀಗೆ ಕೇಳುತ್ತಿದ್ದವನು ನಾನೊಬ್ಬನೇ ಆಗಿರಲಿಲ್ಲ.

ನನ್ನ ಪತ್ನಿಯ ಅಣ್ಣ ಸೇನಾ ಹೆಲಿಕಾಪ್ಟರುಗಳ ಪೈಲಟ್ ಆಗಿದ್ದವರು. ಮೊದಲು ಬೋಧಕರಾಗಿ, ಆಮೇಲೆ ಪರೀಕ್ಷಾ ಪೈಲಟ್ ಆಗಿ ಸೇವೆ ಮುಗಿಸಿ ಈಗ ಬೆಂಗಳೂರಿನಲ್ಲಿದ್ದಾರೆ. ಹೆಸರು ಬರೆಯಕೂಡದೆಂದು ತಾಕೀತು ಮಾಡಿರುವುದರಿಂದ ಭಾವ ಎಂದಷ್ಟೇ ಕರೆಯುತ್ತೇನೆ. ಆ ವರ್ಷ ಮಳೆ ಬಿಟ್ಟ ಮೇಲೆ ತೋಟಕ್ಕೆ ಬಂದಿದ್ದ ಅವರೆದುರು ನನ್ನ ಸಿಟ್ಟನ್ನೆಲ್ಲ ಸುರಿದೆ. ಕೊನೆಯಲ್ಲಿ, “ಭಾವ, ಆ ದಿನ ನಿಮ್ಮ ಕೈಯಲ್ಲಿ ಹೆಲಿಕಾಪ್ಟರ್ ಇದ್ದಿದ್ದರೆ ನೀವು ಬರುತ್ತಿದ್ದಿರೋ ಇಲ್ಲವೋ?” ಎಂದು ಕೇಳಿದೆ.

“ಇಲ್ಲ ಮಾರಾಯ. ಬರುತ್ತಿರಲಿಲ್ಲ” ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ.

ಆ ಉತ್ತರ ನನಗೆ ಅಂದು ಹಿಡಿಸಲಿಲ್ಲ. ಅದರ ಹಿಂದೆ ಇದ್ದದ್ದು ಅಂಜಿಕೆಯಲ್ಲ, ಒಂದು ಇಡೀ ವೃತ್ತಿಯ ಅರಿವು ಎಂಬುದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಈ ವೃತ್ತಿಯ ತವರು ನಮ್ಮ ರಾಜ್ಯವೇ ಆಗಿದ್ದರೂ ಅದರ ಬಗ್ಗೆ ಕನ್ನಡದಲ್ಲಿ ನಾವು ಓದಿರುವುದು ಕಡಿಮೆ. ರಾಕೇಶ್ ಶರ್ಮಾ ಪರೀಕ್ಷಾ ಪೈಲಟ್ ಆಗಿದ್ದವರೆಂದು ಕೆಲವರಿಗೆ ಗೊತ್ತು. ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ಪರೀಕ್ಷಾ ಪೈಲಟ್‌ಗಳೇ ಎಂದು ಇತ್ತೀಚೆಗೆ ಪತ್ರಿಕೆಗಳಲ್ಲಿ ಬಂತು. ಆದರೆ ಆಕಾಶ ದಾಟಿದವರ ಹೆಸರು ಉಳಿಯುವಂತೆ ಮರದ ತುದಿಯ ಎತ್ತರದಲ್ಲಿ ಕೆಲಸ ಮಾಡುವವರ ಹೆಸರು ಉಳಿಯುವುದಿಲ್ಲ. 2010ರ ಮಾರ್ಚ್ 29ರಂದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಲಘು ಯುದ್ಧ ಹೆಲಿಕಾಪ್ಟರನ್ನು ಮೊದಲ ಬಾರಿಗೆ ನೆಲದಿಂದ ಎತ್ತಿದವರು ಉನ್ನಿ ಪಿಳ್ಳೈ ಮತ್ತು ಹರಿ ನಾಯರ್. 2016ರ ಸೆಪ್ಟೆಂಬರ್ 6ರಂದು ಲಘು ಬಹೂಪಯೋಗಿ ಹೆಲಿಕಾಪ್ಟರಿನ ಮೊದಲ ಹಾರಾಟ ನಡೆಸಿದವರು ಅದೇ ಪಿಳ್ಳೈ ಮತ್ತು ಅನಿಲ್ ಭಂಬಾನಿ. ಬೆಂಗಳೂರಿನ ವಿದ್ಯಾವಂತರಲ್ಲಿ ಈ ಹೆಸರುಗಳನ್ನು ಕೇಳಿದವರು ಎಷ್ಟು ಮಂದಿ ಇದ್ದಾರು?

ಈ ಕೆಲಸಕ್ಕೆ ಬರುವ ದಾರಿ ದೀರ್ಘವಾದದ್ದು. ವಾಯುಪಡೆಯ ಹುಡುಗನೊಬ್ಬ ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ ಹೆಲಿಕಾಪ್ಟರ್ ಕಲಿಯುತ್ತಾನೆ. ಹಿಮಾಲಯದಲ್ಲೋ ಈಶಾನ್ಯದಲ್ಲೋ ವರ್ಷಗಟ್ಟಲೆ ಹಾರುತ್ತಾನೆ. ಬೋಧಕನಾಗಬೇಕಾದರೆ ಚೆನ್ನೈ ಬಳಿಯ ತಾಂಬರಂನಲ್ಲಿರುವ ಬೋಧಕರ ಶಾಲೆಗೆ ಹೋಗಬೇಕು. ಪರೀಕ್ಷಾ ಪೈಲಟ್ ಆಗಬೇಕಾದರೆ ಬೆಂಗಳೂರಿನಲ್ಲಿರುವ ವಾಯುಪಡೆಯ ಪರೀಕ್ಷಾ ಸಂಸ್ಥೆಯ ಶಾಲೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕಲಿಯಬೇಕು. ಹಗಲು ಹಾರಾಟ, ರಾತ್ರಿ ವರದಿ. ಭಾವ ಹೇಳುವಂತೆ ಅಲ್ಲಿ ಕಲಿಸುವುದು ಸಾಹಸವನ್ನಲ್ಲ, ಬರವಣಿಗೆಯನ್ನು. ಯಂತ್ರ ಎಲ್ಲಿ ಚೆನ್ನಾಗಿ ನಡೆದುಕೊಂಡಿತು, ಎಲ್ಲಿ ಮೊಂಡುತನ ತೋರಿತು, ಎಷ್ಟು ವೇಗದಲ್ಲಿ ಕಂಪನ ಶುರುವಾಯಿತು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ, ಯಾರ ಮುಲಾಜೂ ಇಲ್ಲದೆ ಬರೆಯಬೇಕು. ಕೊಳ್ಳೇಗಾಲದ ಸ್ಕ್ವಾಡ್ರನ್ ಲೀಡರ್ ಆಶ್ರಿತಾ ಓಲೇಟಿ 2021ರಲ್ಲಿ ವಾಯುಪಡೆಯ ಮೊದಲ ಮಹಿಳಾ ಹಾರಾಟ ಪರೀಕ್ಷಾ ಎಂಜಿನಿಯರ್ ಆಗಿ ಹೊರಬಂದದ್ದು ಇದೇ ಶಾಲೆಯಿಂದ. ನಮ್ಮ ಶಾಲೆಗಳ ಗೋಡೆಯ ಮೇಲೆ ಅವರದೊಂದು ಚಿತ್ರ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಹೆಲಿಕಾಪ್ಟರಿನ ಎಂಜಿನ್ ಹಾರಾಟದ ನಡುವೆ ಕೈಕೊಟ್ಟರೆ ಅದು ಕಲ್ಲಿನಂತೆ ಬೀಳುತ್ತದೆಂದು ನಾನೂ ನಂಬಿದ್ದೆ. ಹಾಗಲ್ಲ. ಪೈಲಟ್ ತಕ್ಷಣ ರೆಕ್ಕೆಗಳ ಕೋನವನ್ನು ತಗ್ಗಿಸಿದರೆ ಕೆಳಗಿನಿಂದ ನುಗ್ಗುವ ಗಾಳಿಯೇ ಅವುಗಳನ್ನು ತಿರುಗಿಸುತ್ತದೆ. ಆ ತಿರುಗುವಿಕೆಯ ಬಲದಿಂದ ಮೆಲ್ಲನೆ ನೆಲಕ್ಕೆ ಇಳಿಯಬಹುದು. 1972ರ ಜೂನ್ 21ರಂದು ಫ್ರಾನ್ಸಿನ ಪರೀಕ್ಷಾ ಪೈಲಟ್ ಜ್ಯಾಂ ಬೂಲೆ ‘ಲಾಮಾ’ ಹೆಲಿಕಾಪ್ಟರಿನಲ್ಲಿ 12,442 ಮೀಟರ್ ಎತ್ತರಕ್ಕೆ ಏರಿದ. ಅಲ್ಲಿ ಎಂಜಿನ್ ಆರಿಹೋಯಿತು. ಮತ್ತೆ ಹೊತ್ತಿಕೊಳ್ಳಲಿಲ್ಲ. ಅಷ್ಟೂ ಎತ್ತರದಿಂದ ಆತ ಎಂಜಿನ್ ಇಲ್ಲದೆಯೇ ಇಳಿದು ಬಂದ. ಆ ಲಾಮಾ ಹುಟ್ಟಿದ್ದು ಭಾರತದ ಸೇನೆಯ ಅಗತ್ಯಕ್ಕಾಗಿ. ಬೆಂಗಳೂರಿನ ಎಚ್‌ಎಎಲ್ ಅದನ್ನು ‘ಚೀತಾ’ ಎಂಬ ಹೆಸರಿನಲ್ಲಿ ತಯಾರಿಸಿತು. ಸಿಯಾಚಿನ್‌ನ ಸೈನಿಕರಿಗೆ ದಶಕಗಳ ಕಾಲ ಸಾಮಾನು ಹೊತ್ತದ್ದು ಅದೇ.

ಆದರೆ ಹೀಗೆ ಇಳಿಯಲು ಪೈಲಟ್ ಬಳಿ ಎರಡರಲ್ಲಿ ಒಂದು ಇರಬೇಕು: ಎತ್ತರ, ಇಲ್ಲವೇ ವೇಗ. ಎರಡೂ ಇಲ್ಲದ ಒಂದು ವಲಯವಿದೆ. ನೆಲಕ್ಕೆ ಹತ್ತಿರದಲ್ಲಿ, ಒಂದೇ ಕಡೆ ತೇಲುತ್ತ ನಿಂತ ಸ್ಥಿತಿ ಅದು. ಒಂಟಿ ಎಂಜಿನ್ನಿನ ಯಂತ್ರ ಅಲ್ಲಿ ಕೈಕೊಟ್ಟರೆ ಪೈಲಟ್ ಎಷ್ಟೇ ನಿಪುಣನಾದರೂ ಉಪಯೋಗವಿಲ್ಲ. ಆ ವಲಯದ ಗಡಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಲೆಕ್ಕಾಚಾರ ಪೂರ್ತಿಯಾಗಿ ಹೇಳಲಾರದು. ಯಾರೋ ಒಬ್ಬರು ಮೇಲಕ್ಕೆ ಹೋಗಿ, ಬೇಕೆಂದೇ ಎಂಜಿನ್ನಿನ ಶಕ್ತಿಯನ್ನು ಕಡಿದು, ಇಳಿದು, ಮತ್ತೆ ಹೋಗಿ, ಗಡಿಯತ್ತ ಹೆಜ್ಜೆ ಹೆಜ್ಜೆಯಾಗಿ ಸರಿದು ನೋಡಬೇಕು. ಅವರು ಎಳೆದ ಗೆರೆಯೇ ಮುಂದೆ ಕೈಪಿಡಿಯ ನಕ್ಷೆಯಾಗುತ್ತದೆ. ತಾರಸಿಯಿಂದ ಜನರನ್ನು ಹಗ್ಗದಲ್ಲಿ ಎತ್ತಿಕೊಳ್ಳುವ ಕೆಲಸ ನಡೆಯುವುದು ಬಹುಪಾಲು ಇಂಥ ವಲಯದಲ್ಲೇ. ಕೊಚ್ಚಿಯಲ್ಲಿ ರಕ್ಷಣೆ ಪಡೆದವರು ತಾರಸಿಯ ಮೇಲೆ ಬಣ್ಣದಲ್ಲಿ ‘ಥ್ಯಾಂಕ್ಸ್’ ಎಂದು ಬರೆದರು. ಅದು ವಿಜಯ್ ವರ್ಮರಂಥವರಿಗೆ ಸಲ್ಲಬೇಕಾದದ್ದೇ. ಆ ಗೆರೆ ಎಳೆದವರಿಗೂ ಅದರಲ್ಲೊಂದು ಪಾಲಿದೆ.

ಇನ್ನು ನಮ್ಮ ಕಣಿವೆಯ ಮಾತು. ಮಾತಿನ ನಡುವೆ ಭಾವ ಎದ್ದು ಕಾಫಿ ಒಣಗಿಸುವ ಕಣಕ್ಕೆ ಬಂದರು. ಅವರು ಮೊದಲು ನೋಡಿದ್ದು ಆಕಾಶವನ್ನಲ್ಲ, ತಂತಿಗಳನ್ನು. “ಈ ಇಲೆವೆನ್ ಕೆ.ವಿ. ಲೈನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಕಣಿವೆಗೆ ಅಡ್ಡಲಾಗಿ ಎಷ್ಟು ಕಡೆ ದಾಟುತ್ತದೆ?” ಎಂದರು. ಹುಟ್ಟಿದಂದಿನಿಂದ ಆ ತಂತಿಯ ಕೆಳಗೇ ಓಡಾಡಿದ ನನಗೆ ಉತ್ತರ ಗೊತ್ತಿರಲಿಲ್ಲ. ಸಿಲ್ವರ್ ಓಕ್ ಮರಗಳ ತಲೆಯ ಮೇಲೆ ಹಾದುಹೋಗುವ ತಂತಿ ಮಂಜಿನಲ್ಲಿ ಪೈಲಟ್‌ಗೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ಆಲುವಾ ಸಮತಟ್ಟಾದ ನಾಡು, ನಮ್ಮದು ಮೂರು ಕಡೆ ಗುಡ್ಡವಿರುವ ಚೀಲ. ಮೋಡ ಹಿಂದಿನಿಂದ ಇಳಿದು ಬಾಯಿ ಕಟ್ಟಿದರೆ ಹೊರಹೋಗುವ ದಾರಿಯಿಲ್ಲ. ಚುನಾವಣೆಯ ಹೆಲಿಕಾಪ್ಟರುಗಳನ್ನು ನಾವು ನೋಡಿರುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಅದೇ ಲೆಕ್ಕ ಹಿಡಿದು ಆಗಸ್ಟ್ ತಿಂಗಳಲ್ಲೂ ಅವನ್ನು ನಿರೀಕ್ಷಿಸುತ್ತೇವೆ.

ಇದು ಬರೀ ಮಾತಲ್ಲ ಎಂಬುದಕ್ಕೆ ಎರಡು ವರ್ಷಗಳ ನಂತರ ದುಃಖಕರ ನಿದರ್ಶನ ಸಿಕ್ಕಿತು. 2021ರ ಡಿಸೆಂಬರ್ 8ರಂದು, ನಮ್ಮದೇ ಪಶ್ಚಿಮ ಘಟ್ಟದ ತುದಿಯಲ್ಲಿರುವ ನೀಲಗಿರಿಯ ಕೂನೂರಿನ ಬಳಿ, ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17 ಹೆಲಿಕಾಪ್ಟರ್ ಅಪಘಾತಕ್ಕೀಡಾಯಿತು. ಅದರಲ್ಲಿದ್ದ ಹದಿನಾಲ್ಕು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಕಣಿವೆಯ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿ ಅದು ಗುಡ್ಡಕ್ಕೆ ಅಪ್ಪಳಿಸಿತು ಎಂದು ತನಿಖೆ ಹೇಳಿತು. ಯಂತ್ರದ ದೋಷ ಕಂಡುಬರಲಿಲ್ಲ. ದೇಶದ ಅತ್ಯುನ್ನತ ಸೇನಾಧಿಕಾರಿಯನ್ನು ಹೊತ್ತ, ನುರಿತ ಪೈಲಟ್‌ಗಳಿದ್ದ ದೊಡ್ಡ ಹೆಲಿಕಾಪ್ಟರಿಗೇ ಘಟ್ಟದ ಮೋಡ ಹೀಗೆ ಮಾಡಿತು. ಸುದ್ದಿ ಬಂದ ಸಂಜೆ ನಾನು ಭಾವನಿಗೆ ಫೋನ್ ಮಾಡಿದೆ. ಅವರು ಹೆಚ್ಚು ಮಾತಾಡಲಿಲ್ಲ. ನನಗೂ 2019ರ ನನ್ನ ಪ್ರಶ್ನೆಯನ್ನು ನೆನೆದು ನಾಚಿಕೆಯಾಯಿತು.

ಯಂತ್ರದ ಬಗ್ಗೆಯೂ ಪ್ರಾಮಾಣಿಕವಾಗಿ ಮಾತಾಡಬೇಕು. ನಮ್ಮ ಹೆಮ್ಮೆಯ ‘ಧ್ರುವ’ 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. 2002ರಿಂದ ಸೇನೆಯ ಸೇವೆಯಲ್ಲಿದೆ. ಆದರೆ 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ ಬಿದ್ದು ಮೂವರು ಸತ್ತಾಗ ಮೂರೂ ಸೇನೆಗಳ ಧ್ರುವಗಳು ತಿಂಗಳುಗಟ್ಟಲೆ ನೆಲದ ಮೇಲೆ ನಿಂತವು. ತಿರುಗುವ ರೆಕ್ಕೆಗಳಿಗೆ ಪೈಲಟ್‌ನ ಆಜ್ಞೆಯನ್ನು ದಾಟಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗದ ಮುರಿತದತ್ತ ತನಿಖೆ ಬೊಟ್ಟು ಮಾಡಿತು. ಇಂಥ ಹೊತ್ತಿನಲ್ಲಿ ಒಂದು ಗುಂಪು ‘ನಮ್ಮವರಿಗೆ ಏನೂ ಬಾರದು’ ಎನ್ನುತ್ತದೆ. ಇನ್ನೊಂದು ಗುಂಪು ಪ್ರಶ್ನಿಸಿದವರನ್ನೇ ದೇಶದ್ರೋಹಿಗಳೆನ್ನುತ್ತದೆ. ಎರಡೂ ಸೋಮಾರಿ ನಿಲುವುಗಳು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆ ತೆರೆದಿದೆ. 2025ರ ಮಾರ್ಚ್‌ನಲ್ಲಿ 156 ‘ಪ್ರಚಂಡ’ ಹೆಲಿಕಾಪ್ಟರುಗಳಿಗೆ ಸುಮಾರು 62,700 ಕೋಟಿ ರೂಪಾಯಿಯ ಒಪ್ಪಂದವಾಗಿದೆ. ಸಂಖ್ಯೆಯ ಒತ್ತಡ ಹೆಚ್ಚಿದಷ್ಟೂ ‘ಇದು ಇನ್ನೂ ಸಿದ್ಧವಾಗಿಲ್ಲ’ ಎಂದು ಬರೆಯುವ ಕೈಗೆ ಬೆಲೆ ಹೆಚ್ಚಬೇಕು. ಅಂಥ ವರದಿಯೊಂದು ಮೇಜಿನ ಮೇಲೆ ಬಂದಾಗ ಅದನ್ನು ಸ್ವಾಗತಿಸುವ ಮನಸ್ಸು ಕಾರ್ಖಾನೆಗೂ ಇರಬೇಕು, ಉದ್ಘಾಟನೆಯ ದಿನಾಂಕ ಗೊತ್ತುಮಾಡುವವರಿಗೂ ಇರಬೇಕು.

ಭಾವನ ಬೋಧಕ ವೃತ್ತಿಯ ಬಗ್ಗೆ ಒಂದು ಮಾತು. ಶಿಷ್ಯನಿಗೆ ಹಾರಲು ಕಲಿಸುವುದು ಸುಲಭ, ವಾಪಸಾಗಲು ಕಲಿಸುವುದು ಕಷ್ಟ ಎನ್ನುತ್ತಾರೆ ಅವರು. ಗುರಿ ಎದುರಿಗೆ ಕಾಣುತ್ತಿರುವಾಗ, ಕೆಳಗೆ ಜನ ಕೈಬೀಸುತ್ತಿರುವಾಗ ಹಿಂದಿರುಗಲು ಬೇಕಾದ ಮನಸ್ಥೈರ್ಯಕ್ಕೆ ಯಾರೂ ಪದಕ ಕೊಡುವುದಿಲ್ಲ. ವಾಪಸಾದ ಶಿಷ್ಯನನ್ನು ಇತರರ ಮುಂದೆ ಹೊಗಳುವುದನ್ನು ತಾವು ರೂಢಿ ಮಾಡಿಕೊಂಡಿದ್ದಾಗಿ ಹೇಳಿದರು.

ಹಾಗಾದರೆ ಮಲೆನಾಡಿನವರು ಮಳೆಗಾಲದಲ್ಲಿ ಹೆಲಿಕಾಪ್ಟರಿನ ಆಸೆ ಬಿಡಬೇಕೆ? ಬಿಡಬೇಕಾಗಿಲ್ಲ. ಬಿರುಸಿನ ಮಳೆಯ ನಡುವೆಯೂ ಮೋಡ ಒಂದೆರಡು ಗಂಟೆ ಮೇಲೇಳುವುದುಂಟು. ಆ ಅವಕಾಶವನ್ನು ಹಿಡಿಯಲು ಪೈಲಟ್‌ಗೆ ಮೂರು ಸಂಗತಿ ಮುಂಚೆಯೇ ತಿಳಿದಿರಬೇಕು. ಎಲ್ಲಿ ಇಳಿಯಬಹುದು, ಎಲ್ಲಿ ತಂತಿಯಿದೆ, ಈ ಗಳಿಗೆಯಲ್ಲಿ ಮೋಡದ ತಳ ಎಷ್ಟು ಎತ್ತರದಲ್ಲಿದೆ. ಮೊದಲೆರಡನ್ನು ಬೇಸಿಗೆಯಲ್ಲೇ ಅಳೆದು ನಕ್ಷೆಗೆ ಹಾಕಿ ಇಡಬಹುದು. ನಮ್ಮಲ್ಲಿ ಶಾಲಾ ಮೈದಾನಗಳಿವೆ, ಕಾಫಿ ಕಣಗಳಿವೆ, ಕಳಸ, ಬಾಳೆಹೊನ್ನೂರುಗಳ ಕಡೆ ಬಯಲುಗಳಿವೆ. ಕಣಿವೆಗೆ ಅಡ್ಡಲಾದ ತಂತಿಗಳಿಗೆ ಬಣ್ಣದ ಗೋಳಗಳನ್ನು ತೂಗುಹಾಕುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಈ ಸಮೀಕ್ಷೆಗೆ ಮಾರ್ಗದರ್ಶನ ಮಾಡಬಲ್ಲ ನಿವೃತ್ತ ಪರೀಕ್ಷಾ ಪೈಲಟ್‌ಗಳು, ಬೋಧಕರು ಬೆಂಗಳೂರಿನಲ್ಲೇ ಇದ್ದಾರೆ. ವಿಪತ್ತು ನಿರ್ವಹಣೆಯ ಹೊಣೆ ಹೊತ್ತವರು ಅವರನ್ನು ಏಪ್ರಿಲ್ ತಿಂಗಳಲ್ಲಿ ಕರೆದು ಕೂರಿಸಿಕೊಳ್ಳಬೇಕು. ಆಗಸ್ಟ್‌ನಲ್ಲಿ ಕರೆದರೆ ಅವರು ಹೇಳುವುದು ಭಾವ ನನಗೆ ಹೇಳಿದ್ದನ್ನೇ.

ಮೂರನೆಯದಕ್ಕೆ ನಾವೇ ಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಬಹಳ ಒಳ್ಳೆಯ ಕೆಲಸ. ಆದರೆ ಮಳೆಮಾಪಕ ಮಳೆಯನ್ನು ಅಳೆಯುತ್ತದೆ, ಕಣಿವೆಯ ಮೋಡವನ್ನು ಹೇಳಲಾರದು. ಅದಕ್ಕೆ ಕಣ್ಣು ಬೇಕು. ಕಾಫಿ ಬೆಳೆಗಾರರಿಗೆ ಒಂದು ಹಳೆಯ ಅಭ್ಯಾಸವಿದೆ, ನಗರದ ಓದುಗರಿಗೆ ಅದು ವಿಚಿತ್ರವೆನ್ನಿಸಬಹುದು. ಪ್ರತಿ ಬೆಳಿಗ್ಗೆ ಅಂಗಳದ ಮಾಪಕದ ನೀರನ್ನು ಅಳೆದು, ಇಂಚು ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುತ್ತೇವೆ. ಹೂಮಳೆ ಯಾವಾಗ ಬಂತು, ಮುಂಗಾರು ಎಷ್ಟು ಸುರಿಯಿತು ಎಂಬುದನ್ನು ಅಜ್ಜನ ಕಾಲದಿಂದ ತೆಗೆದು ತೋರಿಸಬಲ್ಲ ಮನೆಗಳು ಇಲ್ಲಿ ಎಷ್ಟೋ ಇವೆ. ಭಾವ ಆ ದಿನ ನಮ್ಮ ಮಳೆ ಪುಸ್ತಕವನ್ನು ಬಹಳ ಹೊತ್ತು ತಿರುವಿ ನೋಡಿದರು. “ನಾವು ಬರೆಯುತ್ತಿದ್ದದ್ದೂ ಇಂಥದ್ದೇ” ಎಂದರು. ಆಮೇಲೆ ಪೆನ್ಸಿಲ್ ಕೇಳಿ, ಪುಟದ ಅಂಚಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿಕೊಟ್ಟರು.

ಅಂದಿನಿಂದ ಆ ಕಾಲಂ ತುಂಬುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದ ಮೇಲೆ ಕಣದ ಮೂಲೆಯಲ್ಲಿ ನಿಂತು ಬಲ್ಲಾಳರಾಯನ ದುರ್ಗದ ಕಡೆ ನೋಡುತ್ತೇನೆ. ನೆತ್ತಿ ಕಂಡಿತೇ, ಅರ್ಧ ಕಂಡಿತೇ, ಬುಡವೂ ಕಾಣಲಿಲ್ಲವೇ. ಮಧ್ಯಾಹ್ನ ಎರಡಕ್ಕೆ ಇನ್ನೊಮ್ಮೆ. ಕಣಿವೆ ದಾಟುವ ತಂತಿಗಳ ಪಟ್ಟಿಯನ್ನೂ ನಕ್ಷೆ ಬರೆದು ಕಚೇರಿಯೊಂದಕ್ಕೆ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಜುಲೈ, ಆಗಸ್ಟ್ ಪುಟಗಳಲ್ಲಿ ‘ಕಾಣಲಿಲ್ಲ’ ಎಂಬ ಪದವೇ ಹೆಚ್ಚು. ನಡುನಡುವೆ ಮಧ್ಯಾಹ್ನದ ಹೊತ್ತಿಗೆ ‘ನೆತ್ತಿ ಕಂಡಿತು’ ಎಂದೂ ಇದೆ.