ನೋಟಕ್ಕೂ ಒಂದು ವ್ರತ

ಕೊಲ್ಲುವುದಷ್ಟೇ ಹಿಂಸೆಯಲ್ಲ, ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಜೀವಿಗಳಿಗೆ ಒದಗುವ ಬಾಧೆಯೂ ಹಿಂಸೆಯೆಂಬುದು ಜೈನಧರ್ಮದ ನಿಲುವು. ಈ ವಿವೇಕವನ್ನು ಅಡುಗೆಮನೆಗೂ ವ್ಯಾಪಾರಕ್ಕೂ ಅನ್ವಯಿಸುವ ಶ್ರಾವಕರು ಪ್ರವಾಸಕ್ಕೆ ಅನ್ವಯಿಸುವುದು ವಿರಳ. ಕಾಡಿಗೆ ಹೋಗಿ ಪ್ರಾಣಿಗಳನ್ನು ನೋಡಿ ಬರುವುದರಿಂದ ಯಾರಿಗೂ ಹಾನಿಯಿಲ್ಲವೆಂಬುದು ರೂಢಿಯ ತಿಳಿವಳಿಕೆ. ಆಚಾರ್ಯ ಸಮಂತಭದ್ರರು ಇದನ್ನು ಒಪ್ಪುತ್ತಿರಲಿಲ್ಲ. ಗೃಹಸ್ಥರಿಗಾಗಿ ರಚಿಸಿದ ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ನಿಷ್ಪ್ರಯೋಜಕ ಪಾಪಗಳನ್ನು ಅನರ್ಥದಂಡವೆಂದು ಕರೆದು, ಅವುಗಳಲ್ಲೊಂದಾದ ಪ್ರಮಾದಚರ್ಯೆಯನ್ನು ವಿವರಿಸುತ್ತಾರೆ. ಕಾರಣವಿಲ್ಲದೆ ನೆಲ ಅಗೆಯುವುದು, ಗಿಡ ಕತ್ತರಿಸುವುದು ಮಾತ್ರವಲ್ಲ, ಸುಮ್ಮನೆ ಅಲೆಯುವುದೂ ಇತರರನ್ನು ಅಲೆಯಿಸುವುದೂ ಅದರಲ್ಲಿ ಸೇರಿವೆ.

ಹಾಗಾದರೆ ಕಾಡಿನ ಕಡೆ ಕಾಲಿಡಲೇಬಾರದೆ? ಈ ಪ್ರಶ್ನೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಆನ್ಯೊ ನುಯೆವೊ ಎಂಬ ರಾಜ್ಯ ಉದ್ಯಾನ ಒಂದು ಉತ್ತರ ನೀಡುತ್ತದೆ. ಸೊಂಡಿಲಿನಂಥ ಮೂಗುಳ್ಳ ಎಲಿಫೆಂಟ್ ಸೀಲ್‌ಗಳು ಮರಿ ಹಾಕಲು ಬರುವ ಕಡಲತೀರವದು. ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯ ಈ ಪ್ರಾಣಿಯಲ್ಲಿ ಕಂಡದ್ದು ದೀಪದ ಎಣ್ಣೆಯನ್ನು ಮಾತ್ರ. ಕೊಬ್ಬಿಗಾಗಿ ಕೊಂದು ಕೊಂದು, ಕೊನೆಗೆ ಮೆಕ್ಸಿಕೋದ ಒಂದು ದ್ವೀಪದಲ್ಲಿ ಬೆರಳೆಣಿಕೆಯ ಸಂತತಿಯಷ್ಟೇ ಉಳಿಯಿತು. 1922ರಲ್ಲಿ ಮೆಕ್ಸಿಕೋ ಅವುಗಳಿಗೆ ಕಾನೂನಿನ ರಕ್ಷಣೆ ನೀಡಿತು. ಮೆಲ್ಲಮೆಲ್ಲನೆ ಸಂತತಿ ಚೇತರಿಸಿಕೊಂಡು, 1961ರಲ್ಲಿ ಆನ್ಯೊ ನುಯೆವೊದ ದ್ವೀಪದಲ್ಲೂ 1975ರಲ್ಲಿ ಅದರೆದುರಿನ ತೀರದಲ್ಲೂ ಮರಿಗಳು ಹುಟ್ಟಿದವು.

ಇಂದು ಅಲ್ಲಿ ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ, ಸೀಲ್‌ಗಳಿರುವ ಪ್ರದೇಶಕ್ಕೆ ಮಾರ್ಗದರ್ಶಕರ ಜೊತೆಯಲ್ಲದೆ ಯಾರೂ ಹೋಗುವಂತಿಲ್ಲ. ನಡೆದೇ ಹೋಗಬೇಕು, ಪ್ರಾಣಿಯಿಂದ 25 ಅಡಿ ದೂರ ನಿಲ್ಲಬೇಕು. ಸುಮಾರು ನಾಲ್ಕು ವಾರ ಮರಿಗೆ ಹಾಲೂಡುವ ತಾಯಿ ಆ ಅವಧಿಯಲ್ಲಿ ತಾನು ಏನನ್ನೂ ತಿನ್ನುವುದಿಲ್ಲ. ಅದನ್ನು ಬೆದರಿಸಿ ಓಡಿಸಿದರೆ ಒಡಲಲ್ಲಿ ಕೂಡಿಟ್ಟ ಶಕ್ತಿ ವ್ಯರ್ಥವಾಗುತ್ತದೆ. ಗದ್ದಲದಲ್ಲಿ ಮರಿ ತಾಯಿಯಿಂದ ಅಗಲಬಹುದು. ಆದುದರಿಂದ ಅಲ್ಲಿನ ಮಾರ್ಗದರ್ಶಕನ ಮೊದಲ ಕರ್ತವ್ಯ ತೋರಿಸುವುದಲ್ಲ, ತಡೆಯುವುದು.

ಜೈನರಿಗೆ ಇದು ಅಪರಿಚಿತ ನಿಯಮವಲ್ಲ. ಮಳೆಗಾಲದಲ್ಲಿ ನೆಲದ ತುಂಬ ಜೀವೋತ್ಪತ್ತಿಯಾಗುವುದರಿಂದ ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸಕ್ಕೆ ಕೂಡುತ್ತಾರೆ. ಇತರ ಜೀವಿಗಳ ಋತುವನ್ನರಿತು ತನ್ನ ಕಾಲಿಗೆ ಮಿತಿ ಹಾಕಿಕೊಳ್ಳುವುದೇ ಅದರ ತಿರುಳು. ಇಂತಿಷ್ಟು ಕಾಲ ಇಂತಿಷ್ಟೇ ಎಲ್ಲೆಯೊಳಗೆ ಇರುವೆನೆಂಬ ದೇಶವ್ರತವನ್ನು ಶ್ರಾವಕರೂ ಬಲ್ಲರು. ಪ್ರಾಣಿಗಳನ್ನು ನೋಡಲೇಬಾರದು ಎಂಬುದು ಇದರ ಅರ್ಥವಲ್ಲ. ಜೀವದ ಸ್ವರೂಪವನ್ನು ಅರಿಯದವನಲ್ಲಿ ದಯೆ ನಿಲ್ಲದು. ಅರಿಯುವುದಕ್ಕೆ ನೋಡುವುದೂ ಬೇಕು. ಆದರೆ ಆ ನೋಟ ಸಂಯಮದ್ದಾಗಿರಬೇಕು.

ಇಲ್ಲಿಯ ಬಂಡೀಪುರ, ನಾಗರಹೊಳೆಗಳ ಸಫಾರಿಗೆ ಹೋದವರನ್ನು ಈ ಒರೆಗಲ್ಲಿಗೆ ಹಚ್ಚಬಹುದು. ಹುಲಿ ಕಾಣದಿದ್ದರೆ ಎಷ್ಟೋ ಮಂದಿ ‘ಏನೂ ಕಾಣಲಿಲ್ಲ’ ಎಂದು ಮರಳುತ್ತಾರೆ. ಏಕೇಂದ್ರಿಯವಾದ ಮರ, ತ್ರೀಂದ್ರಿಯವಾದ ಇರುವೆ, ಚತುರಿಂದ್ರಿಯವಾದ ಚಿಟ್ಟೆ ದಾರಿಯುದ್ದಕ್ಕೂ ಇದ್ದವು. ಅವುಗಳಲ್ಲೂ ಜೀವವನ್ನು ಕಾಣಬೇಕೆನ್ನುವ ಧರ್ಮದಲ್ಲಿ ಹುಟ್ಟಿದವರು ಈ ಮಾತನ್ನಾಡುವುದು ಸೋಜಿಗ. ವಾಹನವನ್ನು ಇನ್ನಷ್ಟು ಹತ್ತಿರ ಒಯ್ಯುವಂತೆ ಚಾಲಕನನ್ನು ಒತ್ತಾಯಿಸುವುದೇ ಇತರರನ್ನು ಅಲೆಯಿಸುವ ಪ್ರಮಾದ. ಕಾಡಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೋತಿ, ಜಿಂಕೆಗಳಿಗೆ ತಿಂಡಿ ಎಸೆಯುವವರು ಅದನ್ನು ಜೀವದಯೆಯೆಂದೇ ನಂಬಿರುತ್ತಾರೆ. ಆ ತಿಂಡಿ ಪ್ರಾಣಿಗಳನ್ನು ರಸ್ತೆಗೆಳೆದು ವಾಹನದ ಚಕ್ರಕ್ಕೊಡ್ಡುತ್ತದೆ. ಅರಿವಿಲ್ಲದ ದಯೆಗೂ ಹಿಂಸೆಗೂ ಆಗ ಫಲದಲ್ಲಿ ಭೇದ ಉಳಿಯದು.

ದಂಡಕ್ಕೆ ಹೆದರಿ ಪಾಲಿಸಿದ ನಿಯಮದಿಂದಲೂ ಪ್ರಾಣಿ ಬದುಕುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಕಾವಲುಗಾರ ಎಲ್ಲ ತಿರುವುಗಳಲ್ಲೂ ಇರಲಾರ. ಅವನಿಲ್ಲದಲ್ಲಿ ಕಾಯುವುದು ವ್ರತವೊಂದೇ. ತೀರ್ಥಯಾತ್ರೆಯ ನಡುವೆ ಕಾಡನ್ನು ಹೊಕ್ಕುವ ಶ್ರಾವಕ ಕುಟುಂಬಗಳು ಆ ದಿನದ ಮಟ್ಟಿಗಾದರೂ ದೇಶವ್ರತ ಕೈಗೊಳ್ಳಲಿ: ದಾರಿ ಬಿಡುವುದಿಲ್ಲ, ದನಿ ಎತ್ತುವುದಿಲ್ಲ, ತಿನ್ನಲು ಎಸೆಯುವುದಿಲ್ಲ, ಹತ್ತಿರ ಹೋಗೆಂದು ಕೇಳುವುದಿಲ್ಲ. ಅರಣ್ಯ ಇಲಾಖೆ ಶಾಲಾ ಮಕ್ಕಳಿಗಾಗಿ ರೂಪಿಸಿದ ಕಾರ್ಯಕ್ರಮಕ್ಕೆ ‘ಚಿಣ್ಣರ ವನ ದರ್ಶನ’ ಎಂಬ ಹೆಸರಿದೆ. ದರ್ಶನವೆಂಬ ಪದದ ಭಾರವನ್ನು ಬಲ್ಲ ಹಿರಿಯರು ಆ ಮಕ್ಕಳಿಗಿಂತ ಮೊದಲು ಈ ಪಾಠ ಕಲಿಯುವುದು ಲೇಸು.