ಫೋಟೋಗೆ ಹಾರ, ಕೆರೆಯ ಮೇಲೆ ಸೈಟು

ಪ್ರತಿ ಸೆಪ್ಟೆಂಬರ್ 15ರಂದು ಹೈದರಾಬಾದಿನ ನಮ್ಮ ಕನ್ನಡ ಸಂಘದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತೇವೆ. ಯಾರಾದರೊಬ್ಬರು ಕನ್ನಂಬಾಡಿ ಕಟ್ಟೆಯ ಬಗ್ಗೆ ಮಾತಾಡುತ್ತಾರೆ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಬರುತ್ತದೆ. 2022ರಲ್ಲಿ ಆ ತಟ್ಟೆ ಹಿಡಿದುಕೊಂಡು ನಾವು ಮಾತಾಡಿದ್ದು ಒಂದೇ ವಿಷಯ: ಗಂಡಿಪೇಟದ ಮೇಲ್ಭಾಗದಲ್ಲಿ ಸೈಟು. ಇಲ್ಲಿನವರು ಪ್ಲಾಟ್ ಅಂತಾರೆ, ನಮ್ಮ ಬಾಯಿಗೆ ಸೈಟೇ ಬರುತ್ತದೆ. 'ಒನ್ ಒನ್ ಒನ್ ಹೋಯ್ತು ಸಾರ್, ಈಗ ತಗೊಂಡವನೇ ಜಾಣ' ಎಂದರು ದಾವಣಗೆರೆ ಕಡೆಯ ಗೆಳೆಯರು. ನಾನೂ ಜಾಣನಾಗಲು ಹೋಗಿ ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ಬಂದೆ. ಈ ಬೈಗುಳ ನನ್ನಿಂದಲೇ ಶುರುವಾಗಲಿ ಎಂದು ಮೊದಲೇ ಹೇಳಿಬಿಟ್ಟೆ.

ಹೊರಗಿನ ಓದುಗರಿಗೆ ಸ್ವಲ್ಪ ಹಿನ್ನೆಲೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಹಾಕಿತು. ಸತ್ತವರು ಹದಿನೈದು ಸಾವಿರದಷ್ಟು ಎಂಬುದು ಸಾಮಾನ್ಯ ಅಂದಾಜು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆ ಮರ ಹತ್ತಿ ನೂರೈವತ್ತು ಜನ ಬದುಕಿದರೆಂದು ಊರಿನವರು ಇಂದಿಗೂ ಹೇಳುತ್ತಾರೆ. ಮರುವರ್ಷ ನಿಜಾಮರು ಕರೆಸಿದ್ದು ವಿಶ್ವೇಶ್ವರಯ್ಯನವರನ್ನು. ಇಲ್ಲಿ ಅವರಿದ್ದದ್ದು ಕೆಲವೇ ತಿಂಗಳು. ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟರು. ಆದರೆ ನಗರದ ಮೇಲ್ಭಾಗದಲ್ಲಿ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಿ ಎಂದು ಬರೆದುಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ ಮುಗಿಯಿತು, 1927ರಲ್ಲಿ ಹಿಮಾಯತ್ ಸಾಗರ. ಉಸ್ಮಾನ್ ಸಾಗರಕ್ಕೆ ಜನ ಕರೆಯುವ ಹೆಸರು ಗಂಡಿಪೇಟ. ಪ್ರವಾಹಕ್ಕೆಂದು ಹುಟ್ಟಿದ ಈ ಎರಡು ಸಿಹಿನೀರಿನ ಕೆರೆಗಳೇ ಮುಂದೆ ದಶಕಗಳ ಕಾಲ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

1996ರ ಮಾರ್ಚ್ 8ರ 111ನೇ ಸರ್ಕಾರಿ ಆದೇಶ ಈ ಕೆರೆಗಳ ಸುತ್ತ 10 ಕಿ.ಮೀ. ಒಳಗಿನ 84 ಹಳ್ಳಿಗಳಲ್ಲಿ, ಸುಮಾರು 1.32 ಲಕ್ಷ ಎಕರೆಯಲ್ಲಿ, ಮಾಲಿನ್ಯದ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ತಡೆದಿತ್ತು. 2000ದಲ್ಲಿ ಸುಪ್ರೀಂ ಕೋರ್ಟ್, ಇದೇ ಕೆರೆಗಳ ಬಳಿ ಒಂದು ಎಣ್ಣೆ ಕಾರ್ಖಾನೆಗೆ ರಾಜ್ಯ ಕೊಟ್ಟಿದ್ದ ವಿನಾಯಿತಿಯನ್ನು ಹೊಡೆದುಹಾಕಿತು. 2022ರ ಏಪ್ರಿಲ್‌ನಲ್ಲಿ 69ನೇ ಆದೇಶ ಬಂದು ಆ ನಿರ್ಬಂಧಗಳನ್ನು ತೆಗೆಯಿತು. ಕಾರಣ? ನಗರಕ್ಕೀಗ ಕೃಷ್ಣಾ, ಗೋದಾವರಿ ನೀರು ಬರುತ್ತಿದೆ, ಈ ಕೆರೆಗಳನ್ನು ನೆಚ್ಚಿಕೊಂಡಿಲ್ಲ.

ನನ್ನ ಜಗಳ ಈ ಕಾರಣದ ಮೇಲೆ.

ಕೃಷ್ಣಾ ನೀರು ಸುಮ್ಮನೆ ಬರುವುದಿಲ್ಲ. ನಾಗಾರ್ಜುನ ಸಾಗರ ತುಂಬಿ ನಿಂತಾಗ ಅದರ ಮಟ್ಟ 590 ಅಡಿ, ಅಂದರೆ ಸಮುದ್ರಕ್ಕಿಂತ 180 ಮೀಟರ್ ಮೇಲೆ. ಹೈದರಾಬಾದು ಇರುವುದು ಸುಮಾರು 540 ಮೀಟರ್ ಎತ್ತರದಲ್ಲಿ. ಸಾವಿರ ಲೀಟರ್ ನೀರನ್ನು 360 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ ಒಂದು ಯೂನಿಟ್ ಕರೆಂಟು ಬೇಕು. ಪಂಪಿನ ನಷ್ಟ ಸೇರಿಸಿದರೆ 1.4 ಎನ್ನಿ. ನೂರಾರು ಕಿಲೋಮೀಟರ್ ಪೈಪಿನ ಘರ್ಷಣೆಯನ್ನು ನಾನು ಸೇರಿಸಿಲ್ಲ. ಗಂಡಿಪೇಟದ ನೀರಾದರೋ ಇಳಿಜಾರಿನಲ್ಲಿ ತಾನೇ ಹರಿದು ನಗರಕ್ಕೆ ಬರುತ್ತದೆ. ಅದರ ಸಾಮರ್ಥ್ಯ 3.9 ಟಿಎಂಸಿ. ಅರ್ಧವಷ್ಟೇ ಬಳಕೆಗೆ ಸಿಕ್ಕಿತೆಂದುಕೊಂಡರೂ 5.5 ಕೋಟಿ ಕಿಲೋಲೀಟರ್. ಅಷ್ಟನ್ನು ಕೃಷ್ಣೆಯಿಂದ ಎತ್ತಲು 7.7 ಕೋಟಿ ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೆ ಒಂದು ಮಳೆಗಾಲಕ್ಕೆ 54 ಕೋಟಿ.

ಈ ಅಂಕಿಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಾಗ ಒಬ್ಬರು ಎರಡೇ ನಿಮಿಷದಲ್ಲಿ ಉತ್ತರಿಸಿದರು: '2023ರಲ್ಲಿ ಕೋಕಾಪೇಟದ ಒಂದು ಎಕರೆ 100.75 ಕೋಟಿಗೆ ಹರಾಜಾಯಿತು. ನಿಮ್ಮ ಕೆರೆ ವರ್ಷಕ್ಕೆ ಅರ್ಧ ಎಕರೆ ದುಡಿಯುತ್ತದೆ, ಅಷ್ಟೇ.' ಕೋಕಾಪೇಟ ಗಂಡಿಪೇಟದ ಪಕ್ಕದ ಊರು. ಲೆಕ್ಕ ತಪ್ಪಿಲ್ಲ. ಆದರೆ ಎಕರೆ ಒಂದು ಸಲ ಮಾರಾಟವಾಗುತ್ತದೆ, ಕೆರೆ ಪ್ರತಿ ಮಳೆಗೂ ತುಂಬುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಎಕರೆಯ ಬ್ರೋಷರಿನಲ್ಲಿ 'ಲೇಕ್ ವ್ಯೂ' ಎಂಬ ಹೆಸರಲ್ಲಿ ಕೆರೆಯನ್ನೂ ಮಾರಿದ್ದಾರೆ. ಕೆರೆಯಿಂದ ಬಂದ ಬೆಲೆಯನ್ನೇ ಕೆರೆಯ ವಿರುದ್ಧ ಸಾಕ್ಷಿಯಾಗಿ ಹಿಡಿಯುವುದು ಯಾವ ನ್ಯಾಯ?

ಇನ್ನು ಆ 54 ಕೋಟಿಯಲ್ಲಿ ಈ ಕೆರೆಗಳ ಮೂಲ ಕೆಲಸವೇ ಸೇರಿಲ್ಲ. ವಿಶ್ವೇಶ್ವರಯ್ಯನವರು ಇವನ್ನು ಸೂಚಿಸಿದ್ದು ಮೇಲಿಂದ ಬರುವ ನೆರೆಯನ್ನು ತಡೆದು, ನಿಧಾನವಾಗಿ ಬಿಡಲಿಕ್ಕೆ. ಹೊಲದ ಮೇಲೆ ಬಿದ್ದ ಮಳೆಯಲ್ಲಿ ಒಂದಷ್ಟು ಇಂಗುತ್ತದೆ, ಉಳಿದದ್ದು ತಡವಾಗಿ ಬರುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದದ್ದು ಒಟ್ಟಿಗೇ ನುಗ್ಗುತ್ತದೆ, ಜೊತೆಗೆ ಒಳಚರಂಡಿಯನ್ನೂ ತರುತ್ತದೆ. 84 ಹಳ್ಳಿಗಳು ಬಡಾವಣೆಗಳಾದರೆ ಗೇಟಿನ ಬಳಿ ನಿಂತ ಎಂಜಿನಿಯರ್‌ಗೆ ಯೋಚಿಸಲು ಸಿಗುವ ಹೊತ್ತೇ ಕಡಿಮೆಯಾಗುತ್ತದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಕಡೆಯ ಗೇಟು ತೆರೆದಾಗ ಮೂಸಿ ಉಕ್ಕಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ನುಗ್ಗಿತು. ಬೀದರ್, ಕಲಬುರಗಿ ಬಸ್ಸು ಹತ್ತಲು ನಮ್ಮವರು ಹೋಗುವ ನಿಲ್ದಾಣ ಅದು. 'ಈ ಕೆರೆಯ ನೀರು ನಾವು ಕುಡಿಯುವುದಿಲ್ಲ' ಎನ್ನುವವರು ಅವತ್ತು ಅಲ್ಲಿ ಸಿಕ್ಕಿಹಾಕಿಕೊಂಡವರ ಎದುರು ಹಾಗೆಂದು ಹೇಳಿ ನೋಡಲಿ.

ಎದುರು ವಾದಗಳಲ್ಲಿ ಒಂದನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅದು ರೈತರದು. ಇಪ್ಪತ್ತಾರು ವರ್ಷ ಬೇಲಿಯಾಚೆ ಎಕರೆಗೆ ಕೋಟಿಗಟ್ಟಲೆ, ಬೇಲಿಯೊಳಗೆ ಕೇಳುವವರಿಲ್ಲ. ಊರಿನ ಕೆರೆಯನ್ನು ಕಾಯುವ ಖರ್ಚೆಲ್ಲ ಅವರ ತಲೆಗೆ. ದುಡ್ಡಿದ್ದವರ ಫಾರ್ಮ್‌ಹೌಸುಗಳು ಮಾತ್ರ ಆಗಲೂ ಎದ್ದವು. ಇದು ಅನ್ಯಾಯವೇ. ಆದರೆ ಅದಕ್ಕೆ ಪರಿಹಾರ ಆದೇಶ ತೆಗೆಯುವುದಲ್ಲ, ಬಾಕಿ ತೀರಿಸುವುದು. ನ್ಯೂಯಾರ್ಕ್ ನಗರ 1997ರಲ್ಲಿ ಅದನ್ನೇ ಮಾಡಿತು. ನೀರು ಸೋಸುವ ಸ್ಥಾವರಕ್ಕೆ 600 ಕೋಟಿ ಡಾಲರ್‌ಗೂ ಹೆಚ್ಚು ಸುರಿಯುವ ಬದಲು, ಅದರ ಒಂದು ಪಾಲನ್ನು ಕ್ಯಾಟ್ಸ್‌ಕಿಲ್ ಬೆಟ್ಟದ ಜಲಾನಯನ ಉಳಿಸಲು, ಅಲ್ಲಿನ ರೈತರಿಗೆ ನೆರವಾಗಲು ಹಾಕಿತು. ನಮ್ಮ ನೀರಿನ ಬಿಲ್ಲಿನಲ್ಲಿ 84 ಹಳ್ಳಿಗಳಿಗೆಂದು ತಿಂಗಳಿಗೆ ಐವತ್ತು ರೂಪಾಯಿ ಬಂದರೆ ನಾವೇನು ಮುಳುಗುತ್ತೇವೆಯೇ? ಒಂದು ಕಾಫಿಗೆ ಇನ್ನೂರು ಕೊಡುವವರು ನಾವು.

ನನ್ನ ಅಡ್ವಾನ್ಸ್‌ನಲ್ಲಿ ಐವತ್ತು ಸಾವಿರ ಹಿಡಿದುಕೊಂಡು ಉಳಿದದ್ದನ್ನು ಹಿಂದಿರುಗಿಸಿದರು. ಬಿಟ್ಟಿದ್ದು ಆದರ್ಶದಿಂದ ಎಂದರೆ ಸುಳ್ಳಾಗುತ್ತದೆ. ಸೈಟು ನೋಡಲು ಹೋದಾಗ ಮಂಡ್ಯದವಳಾದ ನನ್ನ ಹೆಂಡತಿ ಕೆಳಗೆ ಕೆರೆಯತ್ತ ನೋಡಿ, 'ನಮ್ಮ ಮನೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ರೀ?' ಎಂದು ಕೇಳಿದಳು. ಮಾರಾಟದ ಹುಡುಗ ನಕ್ಕ. ಎಂಟೆಕ್ ಓದಿದ ನನಗೂ ಉತ್ತರ ಹೊಳೆಯಲಿಲ್ಲ.

ಮುಂದಿನ ಸೆಪ್ಟೆಂಬರ್ 15ಕ್ಕೆ ಸಂಘದಲ್ಲಿ ನೀವೇ ಮಾತಾಡಿ ಎಂದಿದ್ದಾರೆ. 84 ಹಳ್ಳಿಗಳ ನಕ್ಷೆಯ ದೊಡ್ಡ ಪ್ರಿಂಟ್ ತೆಗೆಸಿದ್ದೇನೆ. ಹಾರ ಹಾಕುವ ಮೊದಲು ಸೈಟು ಇರುವವರೆಲ್ಲ ಬಂದು ತಮ್ಮ ತಮ್ಮ ಜಾಗಕ್ಕೆ ಒಂದೊಂದು ಪಿನ್ನು ಚುಚ್ಚಬೇಕು. ನಾನು ಬಿಟ್ಟುಬಂದ ಜಾಗಕ್ಕೆ ಮೊದಲ ಪಿನ್ನು ನಾನೇ ಚುಚ್ಚಿಟ್ಟಿದ್ದೇನೆ.